ನೊರೆ ನಿಲ್ಲುವ ತನಕ ತೊಳೆಯಬೇಕಿತ್ತು: ನ್ಯಾನೋಟ್ಯೂಬ್ ಪದರದ ಜೊತೆ ನನ್ನ ಅನುಭವ

ಧಾರವಾಡದ ನಮ್ಮ ಲ್ಯಾಬಿನಲ್ಲಿ ಎರಡು ವರ್ಷ ಒಂದೇ ಕೆಲಸದ ಬೆನ್ನು ಹತ್ತಿದ್ದೆ. ಗಾಜಿನ ಮೇಲೆ ಕಾರ್ಬನ್ ನ್ಯಾನೋಟ್ಯೂಬಿನ, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆಗಳ, ತೆಳು ಪದರ ಕೂರಿಸಬೇಕು. ಅದರಾಚೆಗಿನ ಅಕ್ಷರ ಓದಲು ಬರಬೇಕು, ಕರೆಂಟೂ ಹರಿಯಬೇಕು. ಮೊಬೈಲ್ ಸ್ಕ್ರೀನಿನಲ್ಲಿ ಈ ಕೆಲಸ ಮಾಡುವುದು ಇಂಡಿಯಮ್ ಟಿನ್ ಆಕ್ಸೈಡ್. ಅದನ್ನು ಬಗ್ಗಿಸಿದರೆ ಬಿರುಕು ಬಿಡುತ್ತದೆ. ನ್ಯಾನೋಟ್ಯೂಬ್ ಹಾಗಲ್ಲ, ಬಾಗುತ್ತದೆ.

ನಾನು ಹಿಡಿದದ್ದು ಸೋಸುವ ದಾರಿ. 2004ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ರಿಂಜ್ಲರ್ ಅವರ ತಂಡ ತೋರಿಸಿಕೊಟ್ಟದ್ದು. ಟ್ಯೂಬುಗಳು ನೀರಿನಲ್ಲಿ ಸುಮ್ನೆ ಬೆರೆಯುವುದಿಲ್ಲ, ಕಟ್ಟುಕಟ್ಟಾಗಿ ಅಂಟಿಕೊಂಡಿರುತ್ತವೆ. ಬಿಡಿಸಲು ಎಸ್‌ಡಿಎಸ್ ಹಾಕುತ್ತಿದ್ದೆ. ಒಂದು ಥರದ ಸೋಪು ಅದು. 100 ಎಂಎಲ್ ನೀರಿಗೆ 1 ಗ್ರಾಂ ಎಸ್‌ಡಿಎಸ್, 10 ಮಿಲಿಗ್ರಾಂ ಟ್ಯೂಬ್. ಲೆಕ್ಕ ನೋಡಿ, ಟ್ಯೂಬಿನ ನೂರು ಪಟ್ಟು ಸೋಪು! ಆಮೇಲೆ ಸೋನಿಕೇಟರ್, ಶಬ್ದದ ಅಲೆಗಳಿಂದ ಕಟ್ಟು ಬಿಡಿಸುವ ಯಂತ್ರ. ಬೀಕರ್ ಬಿಸಿಯಾಗದಂತೆ ಸುತ್ತ ಐಸ್ ಇಡಬೇಕು. ಲೈನ್ ಬಜಾರಿನ ಜ್ಯೂಸ್ ಅಂಗಡಿಯಿಂದ ತರುತ್ತಿದ್ದೆ. ಜಾಸ್ತಿ ಹೊತ್ತು ಓಡಿಸಿದರೆ ಟ್ಯೂಬುಗಳೇ ತುಂಡಾಗುತ್ತವೆ.

ಸೆಂಟ್ರಿಫ್ಯೂಜಿನಲ್ಲಿ ವೇಗವಾಗಿ ತಿರುಗಿಸಿ ಗಂಟುಗಳನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಸೆಲ್ಯುಲೋಸ್ ಎಸ್ಟರ್ ಫಿಲ್ಟರಿನಲ್ಲಿ ಸೋಸಿ, ಡಿಸ್ಟಿಲ್ಡ್ ವಾಟರ್ ಹಾಯಿಸಿ ಸೋಪು ತೊಳೆದು, ಫಿಲ್ಟರನ್ನು ಗಾಜಿಗೆ ಒತ್ತಿ ಒಣಗಿಸುವುದು. ಕೊನೆಗೆ ಅಸಿಟೋನ್. ಬಿಳಿ ಫಿಲ್ಟರ್ ಮೆಲ್ಲಗೆ ಕರಗಿ, ಗಾಜಿನ ಮೇಲೆ ಹೊಗೆ ಬಣ್ಣದ ಪದರ ಮಾತ್ರ ಉಳಿಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಆದರೆ ಅಳತೆ ಕೈಕೊಡುತ್ತಿತ್ತು. ಬೆಳಕು 80% ಹಾದುಹೋಗುತ್ತಿತ್ತು, ಷೀಟ್ ರೆಸಿಸ್ಟೆನ್ಸ್ (ಪದರ ಕರೆಂಟಿಗೆ ಒಡ್ಡುವ ತಡೆ, ಕಡಿಮೆ ಇದ್ದಷ್ಟೂ ಒಳ್ಳೆಯದು) ಮಾತ್ರ 2,000 ಓಮ್‌ಗಿಂತ ಇಳಿಯುತ್ತಿರಲಿಲ್ಲ. ಟ್ಯೂಬ್ ಕಡಿಮೆಯಾಯಿತು ಅಂದುಕೊಂಡು ಇನ್ನಷ್ಟು ಸುರಿದೆ. ಪದರ ಕಪ್ಪಾಯಿತು, ಅಷ್ಟೇ.

ತಪ್ಪು ಇದ್ದದ್ದು ತೊಳೆಯುವುದರಲ್ಲಿ. ನಮ್ಮಲ್ಲಿ ನಲ್ಲಿ ನೀರು ಬರುವುದೇ ಎಷ್ಟೋ ದಿನಕ್ಕೊಮ್ಮೆ. ಡಿಸ್ಟಿಲೇಶನ್ ಯೂನಿಟ್ಟಿಗೆ ಹರಿಯುವ ನೀರು ಬೇಕು, ಅಲ್ವಾ? ಹಾಗಾಗಿ ಡಿಸ್ಟಿಲ್ಡ್ ವಾಟರನ್ನು ತುಪ್ಪದ ಹಾಗೆ ಬಳಸುತ್ತಿದ್ದೆ. ಒಂದು ದಿನ ತೊಳೆದ ನೀರಿನ ಫ್ಲಾಸ್ಕ್ ಚೆಲ್ಲಲು ಹೋದ ಅಟೆಂಡರ್ ಕಾಕಾ ಅದನ್ನು ಅಲ್ಲಾಡಿಸಿ ನೋಡಿ, “ಮೇಡಂ, ಇನ್ನೂ ನೊರಿ ಬರಾಕತ್ತೈತ್ರೀ” ಅಂದರು. ನನಗೆ ಥಟ್ಟನೆ ಹೊಳೆಯಿತು. ಒಂದೊಂದು ಟ್ಯೂಬಿನಲ್ಲಿ ಕರೆಂಟ್ ಸಲೀಸಾಗಿ ಓಡುತ್ತದೆ. ತಡೆ ಇರುವುದು ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ. ಅಲ್ಲೇ ಸೋಪು ಕೂತಿದ್ದರೆ ದಾಟುವುದು ಹೇಗೆ?

ಮುಂದಿನ ಸಲ ನೀರು ಬಂದ ದಿನವೇ ಮೂರು ಕ್ಯಾನ್ ತುಂಬಿಸಿಟ್ಟೆ. ನೊರೆ ಪೂರ್ತಿ ನಿಲ್ಲುವ ತನಕ ತೊಳೆದೆ. ಅಷ್ಟೇ ಬೆಳಕಿಗೆ 900 ಓಮ್ ಬಂತು. ಗಾಜಿಗೆ ಕೂರಿಸಿದ ಮೇಲೆ ಫ್ಯೂಮ್ ಹುಡ್ಡಿನಲ್ಲಿ ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿದೆ, 260ಕ್ಕೆ ಇಳಿಯಿತು. ಆಸಿಡ್ ಉಳಿದ ಸೋಪನ್ನೂ ತೆಗೆಯುತ್ತದೆ, ಟ್ಯೂಬುಗಳನ್ನು ಡೋಪ್ ಕೂಡ ಮಾಡುತ್ತದೆ, ಅಂದರೆ ಅವುಗಳಲ್ಲಿ ಕರೆಂಟ್ ಇನ್ನೂ ಸಲೀಸಾಗಿ ಹರಿಯುವಂತೆ ಬದಲಿಸುತ್ತದೆ. ಇಂಡಿಯಮ್ ಟಿನ್ ಆಕ್ಸೈಡಿನ 10–20 ಓಮ್ ಇನ್ನೂ ದೂರ. ಟಚ್ ಸ್ಕ್ರೀನಿಗಾದರೆ ಕೆಲವು ನೂರು ಓಮ್ ನಡೆಯುತ್ತದೆ. ಸೋಲಾರ್ ಸೆಲ್ಲಿಗೆ ಸಾಲದು.

ಆ ಡೋಪಿಂಗ್ ಬಹಳ ದಿನ ಉಳಿಯುವುದಿಲ್ಲ ಅನ್ನುವುದೇ ಈಗಿನ ಚಿಂತೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಟೇಬಲ್ ಮೇಲಿಟ್ಟ ಪದರ ಎರಡೇ ವಾರದಲ್ಲಿ 400 ದಾಟಿತು. ಈಗ ಒಂದರ ಮೇಲೆ ಪೆಡಾಟ್ ಅನ್ನುವ, ಕರೆಂಟ್ ಹರಿಯುವ ಪಾಲಿಮರ್ ಲೇಪಿಸಿ, ಇನ್ನೊಂದನ್ನು ಹಾಗೇ ಬಿಟ್ಟು, ಪ್ರತಿ ಸೋಮವಾರ ಎರಡನ್ನೂ ಅಳೆಯುತ್ತಿದ್ದೇನೆ. ಲೇಪಿಸಿದ್ದು ಏರುತ್ತಿದೆ, ಆದರೆ ನಿಧಾನವಾಗಿ.