ಮಾಡು ಹೊತ್ತ ಮರದ ಫಲಕ: ಬುಡ ಕೊಳೆಯದಂತೆ ನಿಲ್ಲಿಸುವ ಬಗೆ

ಚಾರಣದ ದಾರಿ ಶುರುವಾಗುವ ಕಡೆ, ಊರ ಚೌಕದಲ್ಲಿ, ಎರಡು ಕಂಬದ ಮೇಲೆ ಪುಟ್ಟ ಮಾಡು ಹೊತ್ತ ಮರದ ಸೂಚನಾ ಫಲಕ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಓದುವವರಿಗೂ ಒಂದಿಷ್ಟು ನೆರಳು ಇರಲಿ ಎಂದು ಯಾರೋ ಯೋಚಿಸಿದ್ದಾರಲ್ಲ, ಆ ಅಕ್ಕರೆ ಫ್ಲೆಕ್ಸ್ ಬ್ಯಾನರಿನಲ್ಲಿ ಸಿಗುವುದಿಲ್ಲ. ಜಪಾನಿನಲ್ಲಿ ಎಡೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಸರ್ಕಾರದ ಕಟ್ಟಳೆಗಳನ್ನು ಹಲಗೆಯ ಮೇಲೆ ಬರೆದು, ಮೇಲೊಂದು ಮಾಡು ಕಟ್ಟಿ, ಸೇತುವೆಯ ಬಳಿ, ದಾರಿ ಕೂಡುವಲ್ಲಿ ನಿಲ್ಲಿಸುತ್ತಿದ್ದರು. 1873ರಲ್ಲಿ ಆ ಪದ್ಧತಿ ಕೈಬಿಟ್ಟರೂ ಕಿಸೊ ಕಣಿವೆಯ ಮಾಗೊಮೆ, ತ್ಸುಮಾಗೊ ಊರುಗಳಲ್ಲಿ ಅಂಥ ಫಲಕಗಳನ್ನು ಮತ್ತೆ ಕಟ್ಟಿದ್ದಾರೆ. ಅವೆರಡರ ನಡುವಿನ ಹಳೇ ಹೆದ್ದಾರಿಯಲ್ಲಿ ನಡೆಯುವವರು ಇವತ್ತಿಗೂ ಅವುಗಳ ಮುಂದೆ ನಿಲ್ಲುತ್ತಾರೆ.

ನಾವಿರುವ ಪುಣೆಗೂ ಫಲಕ ಹೊಸದಲ್ಲ. ಮನೆ ಬಾಗಿಲಿನಲ್ಲಿ ಚುಚ್ಚುಮಾತಿನ ಸೂಚನೆ ಬರೆದು ಹಾಕುವ ಪುಣೇರಿ ಪಾಟಿ, ಚೌಕದಲ್ಲಿ ಸೀಮೆಸುಣ್ಣದಿಂದ ಬರೆಯುವ ವಾರ್ತಾಫಲಕ ಎಲ್ಲರಿಗೂ ಗೊತ್ತು. ಈಚೆಗೆ ಸೊಸೈಟಿಗಳು, ನಮ್ಮ ಕನ್ನಡ ಸಂಘಗಳು, ಟೇಕಡಿ (ಊರ ಗುಡ್ಡ) ಉಳಿಸುವ ಗುಂಪುಗಳು ಮಾಡು ಇರುವ ಮರದ ಫಲಕವನ್ನೇ ಬಯಸುತ್ತಿವೆ. ಸಂತೋಷ. ಆದರೆ ಅವುಗಳಲ್ಲಿ ಬಹಳಷ್ಟು ಕೆಲವೇ ಮಳೆಗಾಲಕ್ಕೆ ವಾಲಿಬಿಡುತ್ತವೆ. ಟೇಕಡಿಯೊಂದರ ಕೆಳಗೆ ನಿಂತಿದ್ದ ಫಲಕದ ಕಂಬ ಮೇಲಿಂದ ಕೆಳಗಿನವರೆಗೆ ಹೊಳೆಯುತ್ತಿತ್ತು. ನೆಲದ ಮಟ್ಟದಲ್ಲಿ ಹೆಬ್ಬೆರಳಿಟ್ಟು ಒತ್ತಿದೆ, ಉಗುರು ಪೂರ್ತಿ ಒಳಗೆ ಹೋಯಿತು. ಕೆಡುವುದು ಯಾವಾಗಲೂ ಅಲ್ಲೇ. ಅದಕ್ಕೇ ಈ ಲೇಖನದಲ್ಲಿ ಬುಡದ ಮಾತೇ ಹೆಚ್ಚು.

ಜಾಗ ಮತ್ತು ಮುಖ

ದಾರಿಯಿಂದ ಎರಡು ಹೆಜ್ಜೆ ಒಳಗೆ ನಿಲ್ಲಿಸಿ, ಓದುವವರು ನಡೆಯುವವರಿಗೆ ಅಡ್ಡವಾಗಬಾರದು. ಮುಖ ಪೂರ್ವಕ್ಕೋ ಈಶಾನ್ಯಕ್ಕೋ ಇರಲಿ. ಸಹ್ಯಾದ್ರಿಯ ಮುಂಗಾರು ಮಳೆ ಗಾಳಿಯ ಜೊತೆ ನೈರುತ್ಯದಿಂದ, ಪಶ್ಚಿಮದಿಂದ ಓರೆಯಾಗಿ ಹೊಡೆಯುತ್ತದೆ. 45 ಡಿಗ್ರಿ ಓರೆಯಲ್ಲಿ ಬೀಳುವ ಮಳೆಗೆ ಒಂದೂವರೆ ಅಡಿ ಮುಂಚಾಚಿದ ಮಾಡು ಕಾಯುವುದು ಅದರ ಕೆಳಗಿನ ಒಂದೂವರೆ ಅಡಿಯನ್ನು ಮಾತ್ರ. ಮೂರಡಿ ಎತ್ತರದ ಫಲಕ ಪಶ್ಚಿಮಕ್ಕೆ ಮುಖ ಮಾಡಿದರೆ ಅರ್ಧ ತೊಯ್ದೇ ತೊಯ್ಯುತ್ತದೆ. ಪೂರ್ವಕ್ಕೆ ತಿರುಗಿಸಿದರೆ ಮಳೆ ಬೆನ್ನಿಗೆ ಬೀಳುತ್ತದೆ, ಬೆಳಗಿನ ಬಿಸಿಲು ಮುಖವನ್ನು ಒಣಗಿಸುತ್ತದೆ, ಮಧ್ಯಾಹ್ನದ ಬಿಸಿಲಿಗೆ ಅಕ್ಷರ ಮಾಸುವುದೂ ತಪ್ಪುತ್ತದೆ.

ಗುಂಡಿ ತೋಡುವ ಮೊದಲು ಜಾಗದ ಒಡೆಯರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಅರಣ್ಯದ ಜಾಗವಾದರೆ ಅರಣ್ಯ ಇಲಾಖೆ, ಕೋಟೆಯಾದರೆ ಪುರಾತತ್ವ ಇಲಾಖೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಲೋಹಗಡ, ರಾಜಗಡಗಳು 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಅಂಥ ಕಡೆ ಉತ್ಸಾಹಕ್ಕೆ ಬಿದ್ದು ಹಾರೆ ಎತ್ತಲೇಬೇಡಿ.

ಮರ

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಹೊಸ ಸಾಗುವಾನಿ ಸಿಗುತ್ತದೆ. ನಾನು ಮಾತ್ರ ಕೆಡವಿದ ಹಳೇ ವಾಡೆಗಳ ಸಾಗುವಾನಿಯನ್ನೇ ಹುಡುಕಿ ಎನ್ನುತ್ತೇನೆ. ದಶಕಗಟ್ಟಲೆ ಒಣಗಿದ ಮರ, ಇನ್ನು ಸೊಟ್ಟಗಾಗುವ ಭಯ ಕಡಿಮೆ. ಮೊಳೆಗಳನ್ನೆಲ್ಲ ಕಿತ್ತು, ಅಂಚಿನ ಬಿಳಿ ಭಾಗವನ್ನು ಕೊಯ್ದು ತೆಗೆಸಿ. ಹುಳು ಹತ್ತುವುದು ಅದಕ್ಕೇ. ಕಂಬ 4 ಇಂಚು ಚೌಕ ಇರಲಿ. ರಬ್ಬರ್ ಮರ, ಪೈನ್ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಅಗ್ಗವೆಂದು ತರಬೇಡಿ.

ಕಂಬದ ಬುಡ

ಮರದೊಳಗೆ ನೀರು ಅಡ್ಡಡ್ಡ ಹೋಗುವುದಕ್ಕಿಂತ ಉದ್ದುದ್ದ ಹೋಗುವುದು ಬಹಳ ಸಲೀಸು. ಕಂಬದ ತುದಿ ಎಂದರೆ ಹುಲ್ಲುಕಡ್ಡಿಯ ಕಟ್ಟಿನ ಕೊಯ್ದ ಬಾಯಿ ಇದ್ದಂತೆ. ತೇವದಲ್ಲಿಟ್ಟರೆ ಹೀರುತ್ತಲೇ ಇರುತ್ತದೆ. ಮರದ ತೇವ ಶೇಕಡಾ 20ರ ಮೇಲೆ ಹೋಗಿ ಅಲ್ಲೇ ನಿಂತರೆ ಕೊಳೆಸುವ ಶಿಲೀಂಧ್ರಕ್ಕೆ ದಾರಿ ತೆರೆದಂತೆ. ಅದಕ್ಕೆ ಗಾಳಿಯೂ ಬೇಕು. ಹಾಗಾಗಿ ಮಣ್ಣಿನ ಆಳದಲ್ಲಿ ಮರ ಎಷ್ಟೋ ಕಾಲ ಗಟ್ಟಿಯಿದ್ದರೂ, ಗಾಳಿ ತೇವ ಎರಡೂ ಸೇರುವ ನೆಲದ ಮಟ್ಟದಲ್ಲಿ ಮೊದಲು ಕೊಳೆಯುತ್ತದೆ.

ಇದನ್ನು ಹೇಳಿದಾಗ ನಮ್ಮ ಇಂಡಿ ಕಡೆಯ ಗೌಂಡಿ ಒಪ್ಪಲಿಲ್ಲ. “ಸಾಹೇಬ್ರ, ಕಂಬ ಹುಗದು ಕಾಂಕ್ರೀಟ್ ಸುರವಿದ್ರ ಅಲಗ್ಯಾಡೂದಿಲ್ರಿ” ಎಂದ. ಮೊದಲ ವರ್ಷ ಅಲುಗಾಡುವುದಿಲ್ಲ, ನಿಜ. ಒಣಗುವಾಗ ಮರ ಕುಗ್ಗಿ ಕಾಂಕ್ರೀಟಿನಿಂದ ಕೂದಲೆಳೆ ಬಿಡುತ್ತದೆ. ಆ ಸಂದಿಯಲ್ಲಿ ಇಳಿದ ನೀರಿಗೆ ಹೊರಗೆ ಬರುವ ದಾರಿಯಿಲ್ಲ. ಕಾಂಕ್ರೀಟ್ ಮರವನ್ನು ಕಾಯುತ್ತದೆ ಎಂದುಕೊಂಡವರು ಅದರ ಸುತ್ತ ಬಟ್ಟಲು ಕಟ್ಟಿರುತ್ತಾರೆ. ಡಾಂಬರು ಬಳಿದರೂ ಅಷ್ಟೇ, ಬಿರುಕಿನಲ್ಲಿ ಇಳಿದದ್ದು ಒಳಗೇ ಉಳಿಯುತ್ತದೆ.

ಆದ್ದರಿಂದ ಮರ ಮಣ್ಣನ್ನೂ ಮುಟ್ಟಬಾರದು, ಕಾಂಕ್ರೀಟನ್ನೂ ಮುಟ್ಟಬಾರದು. ಒಂದೂವರೆ ಅಡಿ ಚೌಕ, ಎರಡೂವರೆ ಅಡಿ ಆಳದ ಗುಂಡಿ ತೋಡಿ. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಪ್ರತಿ ಕಂಬಕ್ಕೆ 6 ಮಿ.ಮೀ. ದಪ್ಪ, 50 ಮಿ.ಮೀ. ಅಗಲದ ಎರಡು ಕಬ್ಬಿಣದ ಪಟ್ಟಿ ಕೊಯ್ಯಿಸಿ. ಪ್ರತಿ ಪಟ್ಟಿ ಒಂದೂವರೆ ಅಡಿ ಕಾಂಕ್ರೀಟಿನೊಳಗೆ, ಒಂದೂವರೆ ಅಡಿ ಹೊರಗೆ. ಒಳಗಿನ ತುದಿಯನ್ನು ಬಗ್ಗಿಸಿ, ಇಲ್ಲದಿದ್ದರೆ ಎಳೆತಕ್ಕೆ ಕಿತ್ತು ಬರುತ್ತದೆ. ಕೊಯ್ದು ಬಗ್ಗಿಸಿ ತೂತು ಹೊಡೆದ ಮೇಲೆಯೇ ಗ್ಯಾಲ್ವನೈಸ್ (ಸತುವಿನ ಲೇಪ) ಮಾಡಿಸಿ. ಮೊದಲೇ ಮಾಡಿಸಿದರೆ ಕೊಯ್ದ ಜಾಗದಲ್ಲಿ ತುಕ್ಕು ಹಿಡಿಯುತ್ತದೆ.

ಪಟ್ಟಿ ಕೂರಿಸುವಾಗ ಹೆಚ್ಚಿನವರು ತಪ್ಪುವ ಒಂದು ವಿಷಯವಿದೆ. ಕಂಬದ ಎಡಬಲಕ್ಕೆ ಹಚ್ಚಬೇಡಿ. ಒಂದು ಮುಂದೆ, ಒಂದು ಹಿಂದೆ ಬರಲಿ. ಗಾಳಿ ಫಲಕವನ್ನು ತಳ್ಳುವುದು ಹಿಂದೆ ಮುಂದೆ. ಆಗ ಒಂದು ಪಟ್ಟಿ ಎಳೆಯುತ್ತದೆ, ಇನ್ನೊಂದು ಒತ್ತಿ ಹಿಡಿಯುತ್ತದೆ. ಎಡಬಲಕ್ಕಿದ್ದರೆ ಎರಡೂ ಒಟ್ಟಿಗೆ ಬಾಗಿಬಿಡುತ್ತವೆ.

ಕಾಂಕ್ರೀಟ್ ಮಿಶ್ರಣ ಒಂದು ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿ. ಸುರಿಯುವ ಮೊದಲು ನಾಲ್ಕೂ ಪಟ್ಟಿಗಳನ್ನು ಒಂದು ಹಲಗೆಗೆ ಬಿಗಿದು, ಎರಡು ಕಂಬದ ನಡುವಿನ ಅಂತರ ಕಾಯ್ದು, ತೂಗುಗುಂಡು ಬಿಟ್ಟು ನೋಡಿ. ಗಟ್ಟಿಯಾದ ಮೇಲೆ ಸರಿಪಡಿಸಲಾಗದು. ಪೀಠದ ಮೇಲ್ಭಾಗ ನೆಲದಿಂದ 4 ಇಂಚು ಮೇಲಿರಲಿ, ನೀರು ನಿಲ್ಲದಂತೆ ನಾಲ್ಕೂ ಕಡೆ ಇಳಿಜಾರಿರಲಿ. ಒದ್ದೆ ಗೋಣಿ ಹೊದಿಸಿ ಏಳು ದಿನ ನೀರುಣಿಸಿ.

ಆಮೇಲೆ ಕಂಬ. ಬುಡದ ಕೊಯ್ದ ಮುಖಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿ, ಹೀರಿದ ಮೇಲೆ ಮತ್ತೆ ಹಚ್ಚಿ, ಇನ್ನು ಹೀರದು ಎನ್ನುವವರೆಗೆ. ಕರಾವಳಿಯಲ್ಲೂ ಕೊಂಕಣದಲ್ಲೂ ದೋಣಿಗೆ, ಪಕ್ಕಾಸಿಗೆ ಬಳಿಯುತ್ತಿದ್ದ ಎಣ್ಣೆ ಇದೇ. ಚರ್ಮ ಸುಡುತ್ತದೆ, ಕೈಗವಸು ಬಿಡಬೇಡಿ. ಒಂದಿಂಚು ದಪ್ಪದ ಮರದ ತುಂಡನ್ನು ಪೀಠದ ಮೇಲಿಟ್ಟು ಅದರ ಮೇಲೆ ಕಂಬ ನಿಲ್ಲಿಸಿ, ಪಟ್ಟಿಗೆ ಒಂದಡಿ ಅಂತರದಲ್ಲಿ ಎರಡು 12 ಮಿ.ಮೀ. ಬೋಲ್ಟ್ ಬಿಗಿದು, ತುಂಡನ್ನು ಎಳೆದುಬಿಡಿ. ಆ ಒಂದಿಂಚು ಖಾಲಿ ಜಾಗವೇ ನಿಮ್ಮ ಫಲಕದ ಆಯುಸ್ಸು. ನೋಡಲು ಚೆಂದವಿಲ್ಲವೆಂದು ಯಾರಾದರೂ ಸಿಮೆಂಟ್ ಮೆತ್ತಲು ಬಂದರೆ ತಡೆಯಿರಿ. ಗೆದ್ದಲು ಬಂದರೂ ಪೀಠದ ಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡೇ ಹತ್ತಬೇಕು, ಕಣ್ಣಿಗೆ ಬೀಳುತ್ತದೆ, ಗುಡಿಸಿ ಹಾಕಬಹುದು.

ಮಾಡು

ಮಂಗಳೂರು ಹಂಚೇ ಇರಲಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗಿನಿಂದ ಈ ಪಡುವಣ ಕರಾವಳಿಯ ಮಳೆಯನ್ನು ತಡೆದು ತೋರಿಸಿದ ಹಂಚು ಅದು. ಪಾಲಿಕಾರ್ಬೊನೇಟ್ ಶೀಟು ಹಳದಿಯಾಗುತ್ತದೆ. ಡಾಂಬರು ಶಿಂಗಲ್ಸ್ ಕೆಳಗಿನ ಪ್ಲೈವುಡ್ ಉಬ್ಬುತ್ತದೆ.

ಮೊದಲು ಹಂಚುಗಳನ್ನು ನೆಲದ ಮೇಲೆ ಜೋಡಿಸಿ ಅಳೆಯಿರಿ, ಹಂಚು ಕೂರುವ ರೀಪು ಆಮೇಲೆ ಕೊಯ್ಯಿರಿ. ಹಂಚಿನ ಲೆಕ್ಕಕ್ಕೆ ಮಾಡಿನ ಅಗಲ ಹೊಂದಬೇಕು. ಹಂಚನ್ನೇ ಕತ್ತರಿಸಲು ಹೋದರೆ ಸೋರುವ ಅಂಚು ಉಳಿಯುತ್ತದೆ. ಎರಡೂ ಕಡೆ ಎರಡೆರಡು ಸಾಲು ಸಾಕು, ಇಳಿಜಾರು 35 ಡಿಗ್ರಿ. ಒಂದು ಹಂಚು ಎರಡು ಎರಡೂವರೆ ಕಿಲೋ ತೂಗುತ್ತದೆ, ಅದಕ್ಕೆ ಕಂಬದಿಂದ ಓರೆ ಆನಿಕೆ ಕೊಡಿ. ಪ್ರತಿ ಹಂಚನ್ನೂ ಹಿಂಬದಿಯ ತೂತಿನಿಂದ ತಾಮ್ರದ ತಂತಿ ಹಾಯಿಸಿ ರೀಪಿಗೆ ಕಟ್ಟಿ. ಗಾಳಿಗಷ್ಟೇ ಅಲ್ಲ, ಗುಡ್ಡದ ದಾರಿಗಳಲ್ಲಿ ಕೋತಿಗಳು ಹಂಚು ಸರಿಸಿ ನೋಡದೆ ಬಿಡುವುದಿಲ್ಲ.

ಸ್ಕ್ರೂ ಎಲ್ಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಜಿಪ್ಸಮ್ ಸೀಲಿಂಗಿಗೆ ಬಳಸುವ ಕಪ್ಪು ಸ್ಕ್ರೂ ತಂದುಕೊಡುವ ಬಡಗಿಯನ್ನು ಅಂಗಡಿಗೆ ವಾಪಸ್ ಕಳಿಸಿ. ಅವು ತುಕ್ಕು ಹಿಡಿದು ಸಾಗುವಾನಿಯ ಮೇಲೆ ಕಪ್ಪು ಕಣ್ಣೀರು ಇಳಿಸುತ್ತವೆ.

ಹಲಗೆ ಮತ್ತು ಕಾಗದ

ನಾಲ್ಕಡಿ ಅಗಲ, ಮೂರಡಿ ಎತ್ತರ, ಕೆಳಗಿನ ಅಂಚು ನೆಲದಿಂದ ಮೂರಡಿ, ಮಕ್ಕಳಿಗೂ ಎಟಕುತ್ತದೆ. ಪ್ಲೈವುಡ್ ಆದರೆ ಐಎಸ್ 710 (ನೀರು ತಡೆಯುವ ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ) ಮುದ್ರೆ ನೋಡಿಯೇ ತನ್ನಿ. ‘ವಾಟರ್‌ಪ್ರೂಫ್’ ಎಂದು ಹೇಳಿ ಐಎಸ್ 303 ಕೊಡುವವರಿದ್ದಾರೆ, ಅದು ಹೊರಗಿನ ಮಳೆಗಲ್ಲ. ಬಣ್ಣ ಮುಖಕ್ಕಿಂತ ಅಂಚಿಗೆ ಹೆಚ್ಚು ಕುಡಿಸಿ. ಬೆನ್ನಿಗೆ ಹೊಡೆಯುವ ಮಳೆ ತಡೆಯಲು ಹಿಂದೆ ಒಂದಿಂಚು ಬಿಟ್ಟು ಸಾಗುವಾನಿ ಪಟ್ಟಿಗಳನ್ನು ಹೊಡೆಯಿರಿ.

ಗಾಜಿನ ಬಾಗಿಲು ಬೇಡ. ಒಳಗೆ ಸಿಕ್ಕಿಕೊಂಡ ತೇವ ಗಾಜಿನ ಮೇಲೆ ಮಂಜಾಗಿ ಕೂರುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಲ್ಯಾಮಿನೇಟ್ ಮಾಡಿಸಿದ ಹಾಳೆ ಸಾಕು, ಆದರೆ ಪಿನ್ನಿನ ತೂತಿನಿಂದ ನೀರು ನುಗ್ಗುತ್ತದೆ. ಲ್ಯಾಮಿನೇಟ್ ಮಾಡಿಸುವ ಮೊದಲೇ ಹಾಳೆಯ ನಾಲ್ಕು ಮೂಲೆಯಲ್ಲಿ ಪಂಚಿಂಗ್ ಮಷೀನಿನಿಂದ ತೂತು ಹೊಡೆಸಿ. ಅಲ್ಲಿ ಎರಡು ಪ್ಲಾಸ್ಟಿಕ್ ಪದರ ನೇರವಾಗಿ ಅಂಟಿಕೊಳ್ಳುತ್ತವೆ. ಹಿತ್ತಾಳೆಯ ಪಿನ್ನು ಅದರ ನಡುಮಧ್ಯೆ ಚುಚ್ಚಿದರೆ ಕಾಗದಕ್ಕೆ ನೀರು ಮುಟ್ಟುವುದೇ ಇಲ್ಲ.

ದಾರಿಯ ನಕ್ಷೆ, ಕುಡಿಯುವ ನೀರು ಎಲ್ಲಿ: ಬದಲಾಗದ್ದನ್ನು ಪೇಂಟರಿಂದ ಕೈಯಲ್ಲೇ ಬರೆಸಿ. ಸಂಘದ ಅಂಗಳವಾದರೆ ಕನ್ನಡ ಮೇಲೆ, ಮರಾಠಿ ಜೊತೆಗೇ ಇರಲಿ. ಪಕ್ಕದ ಮನೆಯವರೂ ಓದುವ ಫಲಕಕ್ಕೆ ಕಾಯುವ ಕಣ್ಣು ಹೆಚ್ಚು. ಹಳೆಯ ಹಾಳೆ ಕಿತ್ತು ಹಾಕುವ ಕೆಲಸ ಒಬ್ಬರ ಹೆಸರಿಗೇ ಒಪ್ಪಿಸಿ.

ಹೊಳೆಯುವ ವಾರ್ನಿಷ್ ಬಳಿಯಬೇಡಿ, ಬಿಸಿಲಿಗೆ ಸಿಪ್ಪೆ ಏಳುತ್ತದೆ. ದಸರೆ ಕಳೆದು ಮರ ಒಣಗಿದ ಮೇಲೆ ವರ್ಷಕ್ಕೊಮ್ಮೆ ಎಣ್ಣೆ ಸವರಿ. ಮೊದಲ ಬೇಸಿಗೆಯಲ್ಲಿ ಮರ ಕುಗ್ಗುವುದರಿಂದ ಬುಡದ ನಾಲ್ಕೂ ಬೋಲ್ಟ್‌ಗಳನ್ನು ಮೇ ಮುಗಿಯುವುದರೊಳಗೆ ಪಾನಾ ಹಾಕಿ ಇನ್ನೊಮ್ಮೆ ಬಿಗಿಯಿರಿ.