ಬಾಸುಂಡೆ ಮಾಸುವ ಮುನ್ನ: ಪ್ರತಿಭಟನಾಕಾರರ ಗಾಯಗಳನ್ನು ನಾವು ದಾಖಲಿಸುವ ಬಗೆ

ಮೊದಲು ಚಿಕಿತ್ಸೆ, ಆಮೇಲೆ ಕ್ಯಾಮೆರಾ. ಆದರೂ ರಕ್ತ ತೊಳೆದು ಹೊಲಿಗೆ ಹಾಕುವ ನಡುವೆ ಅರ್ಧ ನಿಮಿಷ ಸಿಕ್ಕರೆ ಒಂದು ಫೋಟೊ ತೆಗೆದೇಬಿಡುತ್ತೇವೆ. ಹೊಲಿಗೆ ಬಿದ್ದ ಮೇಲೆ ಚರ್ಮ ಪೆಟ್ಟು ಬಿದ್ದು ಒಡೆದದ್ದೋ, ಹರಿತವಾದ ವಸ್ತುವಿನಿಂದ ಕೊಯ್ದದ್ದೋ ಹೇಳುವುದು ಕಷ್ಟ.

ಒಪ್ಪಿಗೆಯನ್ನು ಬಿಡಿಬಿಡಿಯಾಗಿ ಕೇಳುತ್ತೇವೆ: ಫೋಟೊ ತೆಗೆಯಬಹುದೇ? ವಕೀಲರಿಗೆ ಕೊಡಬಹುದೇ? ಪ್ರಕಟಿಸಬಹುದೇ? ಮೊದಲೆರಡಕ್ಕೆ ಹೂಂ ಅಂದವರು ಮೂರನೆಯದಕ್ಕೆ ಬೇಡ ಅನ್ನುವುದು ಮಾಮೂಲು. ಕಡತದಲ್ಲಿ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಬೇರೆಯವರ ಬಳಿ, ಬೇರೆ ಜಾಗದಲ್ಲಿರುತ್ತದೆ.

ಒಂದೊಂದು ಗಾಯಕ್ಕೂ ಕನಿಷ್ಠ 4 ಚಿತ್ರ. ಸಂಖ್ಯೆಯ ಚೀಟಿಯೊಂದಿಗೆ ಇಡೀ ವ್ಯಕ್ತಿ. ದೇಹದ ಯಾವ ಭಾಗವೆಂದು ತಿಳಿಯುವಷ್ಟು ದೂರದಿಂದ ಒಂದು. ಹತ್ತಿರದಿಂದ ಅಳತೆಪಟ್ಟಿಯಿಲ್ಲದೆ ಒಂದು, ಪಟ್ಟಿ ಇಟ್ಟು ಇನ್ನೊಂದು. ಪಟ್ಟಿಯಿಲ್ಲದ ಚಿತ್ರವನ್ನು ಬಿಟ್ಟುಬಿಡುವವರೇ ಹೆಚ್ಚು. ‘ಪಟ್ಟಿಯ ಕೆಳಗೆ ಏನು ಮುಚ್ಚಿಟ್ಟಿರಿ?’ ಎಂಬ ಪ್ರಶ್ನೆಗೆ ಅದೊಂದೇ ಉತ್ತರ. ಪಟ್ಟಿ ಗಾಯದ ಮಟ್ಟದಲ್ಲೇ ಇರಬೇಕು, ಕ್ಯಾಮೆರಾ ನೆಟ್ಟಗೆ ಎದುರಿಗಿರಬೇಕು; ಓರೆಯಾದರೆ ಅಳತೆ ಸುಳ್ಳಾಗುತ್ತದೆ. ಫ್ಲ್ಯಾಶ್ ಬಿದ್ದರೆ ಕಂದಿದ ಬಣ್ಣ ಬಿಳಿಚಿಕೊಳ್ಳುತ್ತದೆ, ಕಿಟಕಿಯ ಬೆಳಕೇ ವಾಸಿ.

ದುಂಡನೆಯ ಲಾಠಿ ಬಿದ್ದಲ್ಲಿ ಬಾಸುಂಡೆ ಎರಡು ಸಮಾನಾಂತರ ಗೆರೆಗಳಾಗಿ ಏಳುತ್ತದೆ, ನಡುವೆ ತಿಳಿ ಪಟ್ಟೆ. ಒತ್ತಡಕ್ಕೆ ರಕ್ತ ಪಕ್ಕಕ್ಕೆ ಸರಿದು, ಅಂಚಿನ ಸಣ್ಣ ನಾಳಗಳು ಒಡೆಯುವುದೇ ಕಾರಣ. ಹೀಗಾಗಿ ಗೆರೆಗಳ ನಡುವಿನ ಅಂತರವನ್ನೂ ಅಳೆಯುತ್ತೇವೆ. ತಲೆ ಕಾಪಾಡಿಕೊಳ್ಳಲು ಕೈ ಎತ್ತಿದವರಿಗೆ ಮುಂಗೈಯ ಕಿರುಬೆರಳಿನ ಕಡೆ ಪೆಟ್ಟಿರುತ್ತದೆ. ಕೇಳದಿದ್ದರೆ ಅಂಗಿಯ ತೋಳು ಮಡಚಿ ತೋರಿಸುವುದೇ ಇಲ್ಲ. ಕೈಕೋಳ ಬಿಗಿದಿದ್ದರೆ ಮಣಿಕಟ್ಟಿನ ಗುರುತಷ್ಟೇ ಸಾಲದು, ಹೆಬ್ಬೆರಳಿನ ಹಿಂಭಾಗ ಜೋಮು ಹಿಡಿದಿದೆಯೇ ಮುಟ್ಟಿ ನೋಡಬೇಕು.

ಬಣ್ಣ ನೋಡಿ ‘ಮೂರು ದಿನದ ಹಿಂದಿನ ಗಾಯ’ ಎಂದು ಬರೆಯುವುದು ದೊಡ್ಡ ತಪ್ಪು. ಹಳದಿ ಛಾಯೆ ಸಾಮಾನ್ಯವಾಗಿ 18 ಗಂಟೆಗೆ ಮೊದಲು ಕಾಣದು. ಬಣ್ಣದಿಂದ ಅದಕ್ಕಿಂತ ಹೆಚ್ಚೇನೂ ಹೇಳಲಾಗದು. ಕಪ್ಪು ಮೈಬಣ್ಣದವರಲ್ಲಿ ಕಣ್ಣಿಗಿಂತ ಬೆರಳು ನಂಬಿಕಸ್ಥ: ಬಾವು, ಬಿಸಿ, ನೋವು. ಆಳದ ಪೆಟ್ಟು ಚರ್ಮದ ಮೇಲೆ ಕಾಣಲು ಒಂದೆರಡು ದಿನ ಹಿಡಿಯುವುದರಿಂದ 24 ಮತ್ತು 48 ಗಂಟೆಗಳ ನಂತರ ಮತ್ತೆ ಚಿತ್ರ ತೆಗೆಯುತ್ತೇವೆ.

ಬರೆಯುವಾಗ ಮೂರು ಕಾಲಂ: ಅವರು ಹೇಳಿದ್ದು, ನಾವು ಕಂಡದ್ದು, ಎರಡಕ್ಕೂ ಎಷ್ಟು ತಾಳೆಯಾಗುತ್ತದೆ ಎಂಬುದು. ಕೊನೆಯದನ್ನು ತುಂಬುವುದು ವೈದ್ಯರು ಮಾತ್ರ. ಚಿತ್ರಹಿಂಸೆಯನ್ನು ತನಿಖೆ ಮಾಡಿ ದಾಖಲಿಸುವ ಬಗ್ಗೆ ವಿಶ್ವಸಂಸ್ಥೆಯ ಕೈಪಿಡಿಯಾದ 1999ರ ಇಸ್ತಾಂಬುಲ್ ಪ್ರೋಟೋಕಾಲ್ ಅದಕ್ಕೆ ಐದು ಹಂತಗಳನ್ನು ಕೊಟ್ಟಿದೆ: ತಾಳೆಯಾಗುವುದಿಲ್ಲ ಎಂಬಲ್ಲಿಂದ, ಬೇರೆ ಯಾವುದರಿಂದಲೂ ಆಗಿರಲಾರದು ಎಂಬಲ್ಲಿಯವರೆಗೆ. ‘ಪೊಲೀಸರು ಹೊಡೆದ ಗಾಯ’ ಎಂಬ ಮಾತು ಮೊದಲನೆಯ ಕಾಲಂನಲ್ಲಿ, ಹೇಳಿದವರ ಮಾತಾಗಿಯೇ ಇರಬೇಕು. ಅದು ಎರಡನೆಯದಕ್ಕೆ ಜಾರಿದರೆ ಎದುರು ವಕೀಲರಿಗೆ ಅಷ್ಟೇ ಸಾಕು.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಸಮಯ, ಜಾಗದ ಮಾಹಿತಿಯೂ ಅಳಿಸುತ್ತದೆ. ಫೋನಿನಿಂದ ಮೂಲ ಫೈಲನ್ನೇ ನಕಲು ಮಾಡಿ, ಆಗಲೇ ಎಸ್‌ಎಚ್‌ಎ-256 ಹ್ಯಾಶ್ (ಫೈಲು ಒಂದಿಷ್ಟು ಬದಲಾದರೂ ಬೇರೆಯಾಗುವ, ಅದರ ಬೆರಳಚ್ಚಿನಂಥ ಸಂಕೇತ) ತೆಗೆದು ಬರೆದಿಡುತ್ತೇವೆ. ಮುಖ ಮಸುಕು ಮಾಡುವುದೆಲ್ಲ ಇನ್ನೊಂದು ನಕಲಿನ ಮೇಲೆ.

ಗಾಯಗಳನ್ನು ಗುರುತು ಹಾಕುವ ದೇಹದ ನಕ್ಷೆಯಲ್ಲಿ ಖಾಲಿ ಜಾಗ ಬಿಡಬೇಡಿ. ಬೆನ್ನು ನೋಡಿ ಏನೂ ಕಾಣದಿದ್ದರೆ ‘ನೋಡಿದೆ, ಗಾಯವಿಲ್ಲ’ ಎಂದೇ ಬರೆಯಿರಿ. ನೋಡದಿದ್ದರೆ ‘ನೋಡಿಲ್ಲ’ ಎಂದು.