ಬ್ಯಾಂಡ್ ಸಾ ಬ್ಲೇಡ್ ಬೇಗ ಹಾಳಾಗುತ್ತಿದೆಯಾ? ಮೊದಲು ಉದುರುವ ಲೋಹದ ಚಿಪ್ಸ್ ನೋಡಿ

ಬ್ಯಾಂಡ್ ಸಾ ಅಂದರೆ ಉಂಗುರದ ಹಾಗೆ ಸುತ್ತುವ ಹಲ್ಲಿನ ಪಟ್ಟಿಯಿಂದ ಲೋಹ ಕತ್ತರಿಸುವ ಮೆಷಿನ್. ಅದರಲ್ಲಿ ಒಂದೇ ಮಧ್ಯಾಹ್ನ ಎರಡು ಹೊಸ ಬ್ಲೇಡ್ ಹಾಳು ಮಾಡಿದವನು ನಾನು. ಪೀಣ್ಯದ ಒಂದು ಚಿಕ್ಕ ಶೆಡ್‌ನಲ್ಲಿ ಆಗ ಕೆಲಸ, 100 ಎಂಎಂ ದಪ್ಪದ ಇಎನ್ 8 ಉಕ್ಕಿನ ರಾಡ್ ಕತ್ತರಿಸುತ್ತಿದ್ದೆ. ಬ್ಲೇಡ್ ಹೊಸದು, ಬೆಣ್ಣೆ ಥರ ಕತ್ತರಿಸುತ್ತೆ ಅಂತ ಫೀಡ್ (ಬ್ಲೇಡ್ ರಾಡ್ ಒಳಗೆ ಇಳಿಯುವ ವೇಗ) ಪೂರ್ತಿ ಬಿಟ್ಟೆ. ಎರಡನೇ ಕಟ್‌ನಲ್ಲೇ ಟಕ್ ಟಕ್ ಸದ್ದು. ನಿಲ್ಲಿಸಿ ನೋಡಿದರೆ ಸಾಲಾಗಿ ಹಲ್ಲು ಉದುರಿವೆ. ಸರಿ, ಇನ್ನೊಂದು ಬ್ಲೇಡ್ ಹಾಕಿ ಅದೇ ಅರ್ಧ ಕತ್ತರಿಸಿದ ಸಂದಿಗೆ ಇಳಿಸಿದೆ. ಮುರಿದ ಹಲ್ಲು ಒಳಗೇ ಕೂತಿತ್ತು, ಹಲ್ಲೂ ಅಷ್ಟೇ ಗಟ್ಟಿಯಾದ ಹೈಸ್ಪೀಡ್ ಸ್ಟೀಲ್ ಅಲ್ವಾ, ಎರಡನೇದೂ ಹೋಯಿತು. ಬ್ಲೇಡ್ ಮಾರಿದವನನ್ನು ಚೆನ್ನಾಗಿ ಬೈದೆ. ತಪ್ಪು ಎರಡೂ ನನ್ನದೇ.

ಹೊಸ ಬ್ಲೇಡಿನ ಹಲ್ಲಿನ ತುದಿ ತೀರಾ ಚೂಪಾಗಿರುತ್ತದೆ. ಅಷ್ಟು ತೆಳುವಾದ ತುದಿಗೆ ಪೂರ್ತಿ ಭಾರ ಕೊಟ್ಟರೆ ಚಿಟ್ಟನೆ ಒಡೆಯುತ್ತದೆ. ಸ್ವಲ್ಪ ಪಳಗಲು ಬಿಡಬೇಕು. ಬ್ಲೇಡ್ ಸ್ಪೀಡ್ ಮಾಮೂಲಿನಷ್ಟೇ ಇಡಿ, ಫೀಡ್ ಮಾತ್ರ ಅರ್ಧಕ್ಕೆ ಇಳಿಸಿ. 100 ಎಂಎಂ ರಾಡ್ ಆದರೆ ಐದಾರು ಕಟ್ ಹೀಗೆ ಹೋಗಲಿ, ಆಮೇಲೆ ನಿಧಾನವಾಗಿ ಏರಿಸಿ. ಹಳೇ ಕಟ್‌ಗೆ ಹೊಸ ಬ್ಲೇಡ್ ಯಾವತ್ತೂ ಇಳಿಸಬೇಡಿ. ರಾಡ್ ತಿರುಗಿಸಿ ಬೇರೆ ಕಡೆಯಿಂದ ಶುರು ಮಾಡಿ, ಅದೂ ಹಳೇ ಸಂದಿಗೆ ಹೋಗಿ ಸೇರದ ಹಾಗೆ ಸ್ವಲ್ಪ ಪಕ್ಕಕ್ಕೆ.

ಫೀಡ್ ಸರಿಯಿದೆಯೋ ಇಲ್ಲವೋ ಅಂತ ತಿಳಿಯಲು ಮೀಟರ್ ಬೇಡ, ಕೆಳಗೆ ಬೀಳುವ ಚಿಪ್ಸ್ ನೋಡಿದರೆ ಸಾಕು. ಸಡಿಲವಾಗಿ ಸುರುಳಿ ಸುತ್ತಿ, ಬೆಳ್ಳಗೆ ಹೊಳೆಯುತ್ತಿದ್ದರೆ ಎಲ್ಲ ಸರಿ. ಪುಡಿಪುಡಿಯಾಗಿದ್ದರೆ ಫೀಡ್ ಕಮ್ಮಿ, ಹಲ್ಲು ಕತ್ತರಿಸುತ್ತಿಲ್ಲ, ಸುಮ್ನೆ ಉಜ್ಜುತ್ತಿದೆ. ದಪ್ಪಗೆ, ನೀಲಿ ಬಣ್ಣಕ್ಕೆ ತಿರುಗಿದ್ದರೆ ಭಾರ ಅಥವಾ ಸ್ಪೀಡ್ ಜಾಸ್ತಿ. ಬ್ಲೇಡ್ ಉಳಿಸೋಣ ಅಂತ ಫೀಡ್ ತೀರಾ ಕಮ್ಮಿ ಇಡುವವರನ್ನು ಜಾಸ್ತಿ ನೋಡಿದ್ದೇನೆ. 304 ಸ್ಟೇನ್‌ಲೆಸ್ ಮೇಲೆ ಇದು ಪೂರಾ ಉಲ್ಟಾ ಕೆಲಸ, ಅದು ಉಜ್ಜಿದಷ್ಟೂ ಗಟ್ಟಿಯಾಗುತ್ತದೆ, ಮುಂದಿನ ಹಲ್ಲು ಆ ಗಟ್ಟಿ ಪದರದ ಮೇಲೆ ಜಾರಿ ಸವೆಯುತ್ತದೆ. ಸ್ಟೇನ್‌ಲೆಸ್‌ಗೆ ಸ್ಪೀಡ್ ಕಮ್ಮಿ, ಫೀಡ್ ಗಟ್ಟಿ. ಮೈಲ್ಡ್ ಸ್ಟೀಲ್‌ಗೆ ನಿಮಿಷಕ್ಕೆ 60ರಿಂದ 80 ಮೀಟರ್ ಓಡಿಸಿದರೆ ಇದಕ್ಕೆ 30ರ ಆಸುಪಾಸು ಸಾಕು.

ಹಲ್ಲಿನ ಲೆಕ್ಕಕ್ಕೆ ಬರೋಣ. ಬ್ಲೇಡ್ ಮೇಲೆ 3/4, 4/6, 10/14 ಅಂತ ಬರೆದಿರುತ್ತದೆ, ಅಂದರೆ ಒಂದು ಇಂಚಿಗೆ ಮೂರರಿಂದ ನಾಲ್ಕು, ನಾಲ್ಕರಿಂದ ಆರು, ಹೀಗೆ ಹಲ್ಲು, ಅದರ ಅಂತರ ಹೆಚ್ಚುಕಮ್ಮಿ ಇರುವುದು ನಡುಕ ಕಮ್ಮಿಯಾಗಲಿ ಅಂತ. ಗಟ್ಟಿ ರಾಡ್ ಆದರೆ ಕಟ್‌ನ ಒಳಗೆ ಕನಿಷ್ಠ ಮೂರು ಹಲ್ಲು ಇರಬೇಕು. 100 ಎಂಎಂ ರಾಡ್‌ಗೆ 3/4 ಸರಿ. ಅದೇ ಬ್ಲೇಡನ್ನು 2 ಎಂಎಂ ದಪ್ಪದ ಪೈಪ್ ಮೇಲೆ ಇಳಿಸಿದರೆ ಹಲ್ಲಿನ ಸಂದಿಗೆ ಪೈಪ್ ಸಿಕ್ಕಿಕೊಂಡು ಹಲ್ಲು ಕಿತ್ತುಬರುತ್ತದೆ. ಅಲ್ಲಿಗೆ 10/14 ಬೇಕು. ಬ್ಲೇಡ್ ಬದಲಾಯಿಸುವುದು ಬೇಜಾರು, ನಿಜ.

ಬದಲಾಯಿಸುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಸುತ್ತಿಟ್ಟ ಬ್ಲೇಡ್ ಬಿಚ್ಚಿದ ಕೂಡಲೇ ಹಾವಿನ ಹಾಗೆ ಎಗರುತ್ತದೆ. ಆದರೆ ಮೆಷಿನ್ ಓಡುವಾಗ ಕೈಗವಸು ಬೇಡ, ಹಲ್ಲಿಗೆ ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆಯುತ್ತದೆ. ಹಲ್ಲಿನ ಮೂತಿ ಬ್ಲೇಡ್ ಓಡುವ ದಿಕ್ಕಿಗೇ ಇದೆಯಾ ನೋಡಿ, ಇಲ್ಲದಿದ್ದರೆ ಒಳಗಿನ ಮೈ ಹೊರಗೆ ಬರುವಂತೆ ತಿರುಚಿ ಹಾಕಿ.

ಕಟ್ ಓರೆ ಬರುತ್ತಿದ್ದರೆ ನಾನು ಮೊದಲು ನೋಡುವುದು ಬ್ಲೇಡನ್ನು ನೇರ ಹಿಡಿಯುವ ಗೈಡ್ ಆರ್ಮ್. ದೊಡ್ಡ ಜಾಬ್‌ಗೆ (ಕತ್ತರಿಸುವ ತುಂಡಿಗೆ) ದೂರ ಸರಿಸಿ, ಚಿಕ್ಕ ಜಾಬ್ ಬಂದಾಗ ಹತ್ತಿರ ತರಲು ಮರೆತಿರುತ್ತಾರೆ. ಆಮೇಲೆ ಟೆನ್ಷನ್ (ಬ್ಲೇಡಿನ ಬಿಗಿತ), ಗೈಡ್‌ನ ಕಾರ್ಬೈಡ್ ಪ್ಯಾಡ್ ಸವೆತ. ಇದೆಲ್ಲ ಸರಿಯಿದ್ದೂ ಓರೆ ಹೋದರೆ ಬ್ಲೇಡ್ ಮೊಂಡಾಗಿದೆ ಅಂತಲೇ. ಇನ್ನೊಂದು, ಜಾಬ್ ಹಿಡಿಯುವ ವೈಸ್‌ನ ಒಂದು ತುದಿಯಲ್ಲಿ ಮಾತ್ರ ಗಿಡ್ಡ ತುಂಡು ಹಿಡಿದರೆ ಬಾಯಿ ಓರೆಯಾಗಿ ತುಂಡು ಅಲುಗುತ್ತದೆ, ಆಚೆ ತುದಿಗೂ ಅಷ್ಟೇ ದಪ್ಪದ ತುಂಡು ಕೊಡಿ.

ತಂತಿ ಬ್ರಷ್ ಅನ್ನು ಯಾರೂ ಗಮನಿಸಲ್ಲ. ಹಲ್ಲಿನ ಸಂದಿಯ ಚಿಪ್ಸ್ ಉದುರಿಸುವುದು ಅದೇ. ಸವೆದರೆ ಚಿಪ್ಸ್ ಸುತ್ತು ಹೊಡೆದು ಮತ್ತೆ ಕಟ್‌ಗೇ ಬರುತ್ತದೆ. ಬ್ಲೇಡಿಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ, ಒಂದು ಸ್ಪೇರ್ ಇಟ್ಟುಕೊಳ್ಳಿ.

ಶನಿವಾರ ಸಂಜೆ ಮೆಷಿನ್ ಆಫ್ ಮಾಡಿದ ಮೇಲೆ ಬ್ಲೇಡ್ ಟೆನ್ಷನ್ ಸಡಿಲ ಮಾಡಿ, ಟ್ರೇನಲ್ಲಿರುವ ಚಿಪ್ಸ್ ಎತ್ತಿ. ಸೋಮವಾರ ಮತ್ತೆ ಬಿಗಿ ಮಾಡಲು ಮರೆಯದಂತೆ ಸ್ವಿಚ್‌ಗೆ ಒಂದು ಚೀಟಿ ಅಂಟಿಸಿ. ಬೆಳಿಗ್ಗೆ ಕೂಲೆಂಟ್ (ಬ್ಲೇಡ್ ತಣ್ಣಗಿಡುವ ಎಣ್ಣೆ-ನೀರು) ಕೊಳೆತ ಮೊಟ್ಟೆ ವಾಸನೆ ಹೊಡೆದರೆ ಮೇಲೆ ತೇಲುವ ಎಣ್ಣೆ ತೆಗೆದು ಸುಮ್ಮನಾಗಬೇಡಿ, ಪೂರ್ತಿ ಖಾಲಿ ಮಾಡಿ ಟ್ಯಾಂಕ್ ತೊಳೆಯಿರಿ. ಹೊಸದು ಕಲಸುವಾಗ ನೀರಿಗೆ ಕೂಲೆಂಟ್ ಎಣ್ಣೆ ಹಾಕಿ, ಎಣ್ಣೆಗೆ ನೀರಲ್ಲ. 10 ಲೀಟರ್ ನೀರಿಗೆ ಮುಕ್ಕಾಲರಿಂದ ಒಂದು ಲೀಟರ್ ಎಣ್ಣೆ. ಕಾಸ್ಟ್ ಐರನ್ ಬಂದ ದಿನ ಕೂಲೆಂಟ್ ಬಂದ್ ಮಾಡಿ, ಅದನ್ನು ಒಣಗಿದ್ದಾಗಲೇ ಕತ್ತರಿಸುವುದು. ಇಲ್ಲದಿದ್ದರೆ ಆ ಕರಿ ಪುಡಿ ನೀರಿನ ಜೊತೆ ಸೇರಿ ಕೆಸರಾಗಿ ಪಂಪ್ ಕಟ್ಟಿಕೊಳ್ಳುತ್ತದೆ.